ಏಳು ಮೆಟ್ಟಿಲಿನ ಆಚೆಯ ಬಂಡೆ: ಗ್ರೊಟ್ಟೊ ನೋಡಿಕೊಳ್ಳುವ ಹಿರಿಯರಿಗೊಂದು ಬಹಿರಂಗ ಪತ್ರ

ಮಾನ್ಯ ಫಾದರ್ ಅವರಿಗೆ ಮತ್ತು ಪಾಲನಾ ಮಂಡಳಿಯ ಹಿರಿಯರಿಗೆ,

ನಮಸ್ಕಾರಗಳು.

ನಿಮ್ಮ ಇಗರ್ಜಿಯ, ಅಂದರೆ ಚರ್ಚಿನ, ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂಬದಿಯ ಅಂಗಳದಲ್ಲಿ ಲೂರ್ದು ಮಾತೆಯ ಗ್ರೊಟ್ಟೊ, ಅಂದರೆ ಫ್ರಾನ್ಸಿನ ಲೂರ್ದಿನಲ್ಲಿ ಮೇರಿ ಮಾತೆ ದರ್ಶನ ಕೊಟ್ಟ ಗುಹೆಯ ಮಾದರಿ, ಇರುವ ಇಗರ್ಜಿಗಳು ಮುಂಬಯಿಯ ಉಪನಗರಗಳಲ್ಲಿ ಒಂದೆರಡಲ್ಲ. ಓದುತ್ತ ಹೋದಂತೆ ಇದು ತಮ್ಮ ಸಂಗತಿ ಎಂದು ನಿಮಗೆ ಗೊತ್ತಾಗುತ್ತದೆ. ಬೇರೆ ಯಾರಿಗಾದರೂ ‘ಇದು ನಮ್ಮ ಬಗ್ಗೆಯೇ ಬರೆದದ್ದಿರಬೇಕು’ ಎನ್ನಿಸಿದರೆ ಅದಕ್ಕೂ ನನ್ನ ಆಕ್ಷೇಪವಿಲ್ಲ.

ಇದೇ ವಿಷಯವನ್ನು ಒಂದು ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದು ಮಾರ್ಚ್ ತಿಂಗಳಲ್ಲೇ ನಿಮ್ಮ ಕಚೇರಿಗೆ ಕೊಟ್ಟಿದ್ದೆ. ಉತ್ತರ ಬರಲಿಲ್ಲ. ನನ್ನ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್. ಅದರಲ್ಲಿ ಬರೆದದ್ದೆಲ್ಲ ನೋಟಿಸಿನಂತೆ ಕಾಣುತ್ತದೆ. ಆದ್ದರಿಂದ ಈಗ ಅಮ್ಮನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಭಾನುವಾರದ ಪೂಜೆಗೆ ಬರುವವರಲ್ಲಿ ಮಂಗಳೂರು, ಉಡುಪಿ, ಕುಂದಾಪುರದ ಕಡೆಯವರು ಬಹಳ ಮಂದಿ ಇದ್ದಾರೆ. ಯಾರಾದರೂ ಓದಿ ಹೇಳುತ್ತಾರೆ.

ಕಳೆದ ಫೆಬ್ರವರಿ 11ರ ಸಂಜೆ ನಾಲ್ಕೂವರೆಗೆ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಿಮ್ಮ ಅಂಗಳಕ್ಕೆ ಬಂದೆ. ಅಂದು ಲೂರ್ದು ಮಾತೆಯ ಹಬ್ಬ. 1993ರಿಂದ ಅದೇ ದಿನವನ್ನು ವಿಶ್ವ ರೋಗಿಗಳ ದಿನವೆಂದೂ ಆಚರಿಸುತ್ತಾರೆ. ಗೇಟಿನ ಮೇಲೆ ರೋಗಿಗಳಿಗಾಗಿ ವಿಶೇಷ ಬಲಿಪೂಜೆ ಎಂದು ದೊಡ್ಡ ಬ್ಯಾನರ್ ಕಟ್ಟಿದ್ದಿರಿ. ಅದನ್ನು ನಂಬಿ ಬಂದವರು ನಾವು.

ಗ್ರೊಟ್ಟೊಗೆ ಏಳು ಮೆಟ್ಟಿಲು. ಮೂವತ್ತೊಂದು ವರ್ಷ ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕ ಬರೆದವಳು ನಾನು. ನಿವೃತ್ತಿಯಾದರೂ ಎಣಿಸುವ ಚಟ ಬಿಟ್ಟಿಲ್ಲ. ಏಳು ಮೆಟ್ಟಿಲು, ಒಂದೊಂದೂ ಆರಾರು ಇಂಚು. ಎಡಗಡೆಯಲ್ಲಿ ಹೂಕುಂಡದ ತಳ್ಳುಗಾಡಿಗೆಂದು ಮಾಡಿದ ಒಂದು ಇಳಿಜಾರು ದಾರಿ ಇದೆ. ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಬೀಗದ ಕೈ ಯಾರ ಬಳಿ ಇದೆಯೋ ಅವರು ಮುಖ್ಯ ಅತಿಥಿಯನ್ನು ಕರೆತರಲು ಹೋಗಿದ್ದರು. ಕೊರಳಿಗೆ ನೀಲಿ ಪಟ್ಟಿ ಹಾಕಿಕೊಂಡಿದ್ದ ಸ್ವಯಂಸೇವಕ ಹುಡುಗನೊಬ್ಬ ಬಂದು, “ಆಂಟಿ, ಗಾಲಿಕುರ್ಚಿಗಳೆಲ್ಲ ಹಿಂದಿನ ಸಾಲಿಗೆ” ಎಂದ. ಒರಟಾಗಿ ಹೇಳಲಿಲ್ಲ, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಮುಂದಿನ ಎರಡು ಸಾಲಿನ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿತ್ತು. ಪೂಜೆ ಮುಗಿಯುವವರೆಗೂ ಅವುಗಳಲ್ಲಿ ಅರ್ಧ ಖಾಲಿಯೇ ಇದ್ದವು.

ನಾವು ಕುಳಿತ ಜಾಗದಿಂದ ಗ್ರೊಟ್ಟೊಗೆ ನನ್ನ ಅಳತೆಯಲ್ಲಿ ನಲವತ್ತನಾಲ್ಕು ಹೆಜ್ಜೆ. ಅಮ್ಮನ ಅಳತೆಯಲ್ಲಿ ಎಷ್ಟೋ ನನಗೆ ಗೊತ್ತಿಲ್ಲ. ಅವಳು ಹೆಜ್ಜೆ ಇಟ್ಟು ಎರಡು ವರ್ಷವಾಯಿತು.

ಅಮ್ಮನಿಗೂ ನಿಮ್ಮ ಗ್ರೊಟ್ಟೊಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಿದರೆ ತಪ್ಪಿಲ್ಲ. ನಾವು ಕುಂದಾಪುರ ಕಡೆಯ ಹಿಂದೂಗಳು. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಗಂಗೊಳ್ಳಿಯ ಬಾಯಮ್ಮನವರದು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ಹೊಸ ತೆನೆಯ ಹಬ್ಬಕ್ಕೆ, ಬಾಯಮ್ಮ ಇಗರ್ಜಿಯಿಂದ ತಂದು ಕೊಡುತ್ತಿದ್ದ ಭತ್ತದ ತೆನೆಯನ್ನು ಅಮ್ಮ ನಮ್ಮ ಹೊಸ್ತಿನ ಕದಿರಿನಂತೆಯೇ ಬಾಗಿಲಿಗೆ ಕಟ್ಟುತ್ತಿದ್ದಳು. ಇಬ್ಬರೂ ಸೇರಿ ಬುಧವಾರಗಳಲ್ಲಿ ಮಾಹಿಮಿನ ನೊವೇನಕ್ಕೆ, ಅಂದರೆ ಒಂಬತ್ತು ವಾರ ಬಿಡದೆ ಮಾಡುವ ಪ್ರಾರ್ಥನೆಗೆ, ಹೋಗುತ್ತಿದ್ದರು. ಅಲ್ಲಿ ಸಂತ ಮೈಕೆಲರ ಇಗರ್ಜಿಯಲ್ಲಿ 1948ರಿಂದ ಬುಧವಾರ ನಡೆದುಬಂದ ನೊವೇನ ಅದು; ಹೋಗುವವರಲ್ಲಿ ಯಾರು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ನನಗೆ ಬ್ಯಾಂಕಿನ ಕೆಲಸ ಸಿಕ್ಕಿದ್ದು ಒಂಬತ್ತನೆಯ ಬುಧವಾರದ ಮರುದಿನ ಎಂದು ಅಮ್ಮ ಇಂದಿಗೂ ಹೇಳುತ್ತಾಳೆ. ಪರೀಕ್ಷೆಗೆ ಓದಿದವಳು ನಾನು ಎಂಬುದು ಆ ಕತೆಯಲ್ಲಿ ಬರುವುದೇ ಇಲ್ಲ.

ಎರಡು ವರ್ಷದ ಹಿಂದೆ, ಆಗಸ್ಟಿನಲ್ಲಿ, ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಎರಡೂ ಹೋದವು. ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತೋ ಇಲ್ಲವೋ, ಬಾಂದ್ರಾದ ಗುಡ್ಡಕ್ಕೆ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ಅಲ್ಲಿನ ಮೌಂಟ್ ಮೇರಿ ಇಗರ್ಜಿಯ ಜಾತ್ರೆಯ ವಾರದಲ್ಲಿ ಆ ಗುಡ್ಡ ಹತ್ತುವುದೆಂದರೆ ಕಾಲು ಗಟ್ಟಿ ಇರುವವರಿಗೇ ಸಾಕುಬೇಕಾಗುತ್ತದೆ. ಜಾತ್ರೆ ಮುಗಿದ ಮರುವಾರ ಹೋದೆವು. ಮೇಣದ ಹರಕೆ ಮಾರುವವನ ಮುಂದೆ ಎಲ್ಲವೂ ಸಾಲಾಗಿ ಮಲಗಿದ್ದವು: ಕೈ, ಕಾಲು, ತಲೆ, ಮಗು ಬೇಕಾದವರಿಗೆ ಮಗು, ಮನೆ ಬೇಕಾದವರಿಗೆ ಮನೆ. ಹೆಚ್ಚು ಖರ್ಚಾಗುವುದು ಮನೆಯೇ ಎಂದ ಅವನು. ಮುಂಬಯಿಯಲ್ಲವೇ. ಅಮ್ಮ ಬಲಗೈ ಬೇಕು ಎಂದಳು. ಅವನು ಒಂದು ಕೈಯನ್ನು ಎತ್ತಿ ತೋರಿಸಿ, “ಅಜ್ಜಿ, ಹೀಗೆ ಹಿಡಿದರೆ ಬಲಗೈ, ತಿರುಗಿಸಿದರೆ ಎಡಗೈ” ಎಂದ. ಅಮ್ಮ ನಕ್ಕಳು. ಪಾರ್ಶ್ವವಾಯುವಾದ ಮೇಲೆ ಅವಳ ನಗು ಬಾಯಿಯ ಒಂದೇ ಕಡೆಗೆ ಬರುತ್ತದೆ. ಅಂದು ಅದು ಚೆನ್ನಾಗಿಯೇ ಬಂತು. ಸೆಪ್ಟೆಂಬರಿನ ಸೆಕೆಗೆ ಮೇಣದ ಬೆರಳುಗಳು ಮೆತ್ತಗಾಗಿ ನನ್ನ ಅಂಗೈಗೆ ಅಂಟಿಕೊಂಡಿದ್ದವು.

ಆ ಮಾತೆಯ ಕತೆಯನ್ನು ಅಮ್ಮನಿಗೆ ಹೇಳಿದ್ದೂ ಬಾಯಮ್ಮನೇ. 1700ರಲ್ಲಿ ಮಸ್ಕತ್ತಿನ ಕಡಲ ದಾಳಿಕೋರರು ನುಗ್ಗಿ, ಮಾತೆಯ ಕೈಯಲ್ಲಿದ್ದ ಹೊಳೆಯುವ ವಸ್ತು ಚಿನ್ನವೆಂದು ತಿಳಿದು ಬಲಗೈಯನ್ನೇ ಕಡಿದರಂತೆ. ಮುಂದೆ ಮೂರ್ತಿಯನ್ನು ಸರಿಪಡಿಸಿದಾಗ ಕಡಿದ ಕೈ ಕಾಣದಂತೆ ಬಾಲಯೇಸುವನ್ನು ಅಲ್ಲಿ ಕೂರಿಸಿದರಂತೆ. ನಾವು ಈಗ ನೋಡುವ ಕಟ್ಟಡ 1904ರದು, ಅದಕ್ಕೆ ಬಸಿಲಿಕ ಎಂಬ ಗೌರವದ ಪಟ್ಟ ಬಂದದ್ದು 1954ರಲ್ಲಿ ಎಂಬುದೆಲ್ಲ ಅಮ್ಮನಿಗೆ ಬೇಕಿಲ್ಲ. ಅವಳಿಗೆ ಬೇಕಾದದ್ದು ಒಂದೇ: ಆ ಮಾತೆಗೂ ಬಲಗೈ ಇಲ್ಲ, ತನಗೂ ಇಲ್ಲ. “ಅವಳಿಗೆ ಗೊತ್ತಿರುತ್ತದೆ” ಎಂದಳು.

ಇನ್ನು ನಿಮ್ಮ ಗ್ರೊಟ್ಟೊದ ವಿಷಯ. ಬಾಯಮ್ಮನ ಮಗಳು ಗಲ್ಫಿನಲ್ಲಿದ್ದಾಳೆ. ಒಮ್ಮೆ ಫ್ರಾನ್ಸಿಗೆ ಹೋಗಿ ಲೂರ್ದು ನೋಡಿ ಬಂದವಳು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು. ಗುಹೆಯೊಳಗೆ ಜನ ಸಾಲಾಗಿ ನಡೆಯುತ್ತ ಬಂಡೆಯನ್ನು ಅಂಗೈಯಿಂದ ಸವರಿಕೊಂಡು ಹೋಗುತ್ತಾರೆ. ಮುಟ್ಟಿ ಮುಟ್ಟಿ ಆ ಕಲ್ಲು ನಮ್ಮೂರಿನ ಹಳೆಯ ಅರೆಯುವ ಕಲ್ಲಿನಂತೆ ನುಣುಪಾಗಿ ಹೊಳೆಯುತ್ತದೆ. ಅಮ್ಮ ಆ ಚಿತ್ರವನ್ನು ಎರಡೆರಡು ಸಲ ತೋರಿಸಲು ಹೇಳಿದಳು. ಫ್ರಾನ್ಸಿಗೆ ಹೋಗುವಂತಿಲ್ಲ, ನಿಮ್ಮಲ್ಲಿಗೆ ಬರಬಹುದಲ್ಲ. ನಿಮ್ಮ ಬಂಡೆ ಸಿಮೆಂಟಿನದು ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ನಮ್ಮೂರ ದೇವಸ್ಥಾನದ ಗೋಪುರವೂ ಈಗ ಸಿಮೆಂಟಿನದೇ.

ಆಗಲೇ ನಮ್ಮ ಫಿಸಿಯೋಥೆರಪಿಸ್ಟ್ ಹುಡುಗಿ ಅಮ್ಮನಿಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದಳು. ಗೋಡೆಯ ಪಕ್ಕ ಕುಳಿತು ಬಲಗೈ ಬೆರಳನ್ನು ಗೋಡೆಯ ಮೇಲೆ ತೆವಳಿಸುತ್ತ ಮೇಲೆ ಒಯ್ಯಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ನಾನು ಪೆನ್ಸಿಲಿನಲ್ಲಿ ಗೀಟು ಹಾಕಿ ತಾರೀಖು ಬರೆಯುತ್ತೇನೆ. ಮಕ್ಕಳ ಎತ್ತರ ಬರೆದಿಡುತ್ತಾರಲ್ಲ, ಹಾಗೆ. ಅಕ್ಟೋಬರಿನ ಗೀಟು ಕುರ್ಚಿಯ ಕೈಯಿಂದ ಎರಡು ಬೆರಳು ಮೇಲೆ. ಡಿಸೆಂಬರಿನದು ಸ್ವಿಚ್ ಬೋರ್ಡಿನ ಕೆಳಗೆ. ಫೆಬ್ರವರಿ ಮೊದಲ ವಾರದಲ್ಲಿ ಕೈ ಅವಳ ಎದೆಯ ಮಟ್ಟಕ್ಕೆ ಬಂತು. “ಬಂಡೆ ಇಷ್ಟು ಎತ್ತರಕ್ಕೆ ಇದ್ದರೆ ಮುಟ್ಟಬಲ್ಲೆ” ಎಂದಳು. ನಾನು ಜನವರಿಯಲ್ಲೇ ಬಂದು ನಿಮ್ಮ ಬಂಡೆಯ ಎತ್ತರ ನೋಡಿಕೊಂಡು ಹೋಗಿದ್ದೆ. ಮೆಟ್ಟಿಲುಗಳನ್ನೂ ನೋಡಿದ್ದೆ. ಅಂದು ಗೇಟು ತೆರೆದಿತ್ತು, ಆ ದಾರಿಯಿಂದ ಹೋಗಬಹುದು ಎಂದುಕೊಂಡೆ. ಹಬ್ಬದ ದಿನ ಅದಕ್ಕೆ ಬೀಗ ಬೀಳುತ್ತದೆಂದು ನನಗೆ ಹೊಳೆಯಲಿಲ್ಲ.

ಪೂಜೆ ಮುಗಿದ ಮೇಲೆ ಆ ಹುಡುಗನೇ ಓಡಿ ಹೋಗಿ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಗ್ರೊಟ್ಟೊದ ನೀರು ತುಂಬಿಸಿಕೊಂಡು ಬಂದ. ಅಮ್ಮ ಬೇಡ ಎಂದು ತಲೆಯಾಡಿಸಿದಳು. ನನ್ನ ಕಡೆ ತಿರುಗಿ, “ನೀರು ಮನೆಯಲ್ಲೂ ಬರುತ್ತದೆ” ಎಂದಳು. ಕನ್ನಡದಲ್ಲಿ ಹೇಳಿದ್ದರಿಂದ ಹುಡುಗನಿಗೆ ತಿಳಿಯಲಿಲ್ಲ, ಒಳ್ಳೆಯದೇ ಆಯಿತು.

ಆಮೇಲೆ ನಿಮ್ಮ ಮಂಡಳಿಯ ಹಿರಿಯರೊಬ್ಬರು ಬಂದು ಸಮಾಧಾನ ಹೇಳಿದರು. ದೂರದಿಂದ ನೋಡಿದರೂ ಕೃಪೆ ಅಷ್ಟೇ, ಲೂರ್ದಿನಲ್ಲಿ ಮಾತೆಯನ್ನು ಕಂಡ ಹುಡುಗಿ ಬರ್ನಡೆಟ್ ಕೂಡ ಕೊನೆಯ ದರ್ಶನವನ್ನು ದೂರದಿಂದಲೇ ಪಡೆದಳು ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದರು. ಆದರೆ ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮನೆಗೆ ಬಂದು ಬರ್ನಡೆಟ್‌ಳ ಕತೆಯನ್ನು ಲೆಕ್ಕಪತ್ರ ತಪಾಸಣೆಗೆ ಕುಳಿತಂತೆ ಕುಳಿತು ಓದಿದೆ.

ಹಿರಿಯರು ಹೇಳಿದ್ದು ನಿಜ. 1858ರ ಫೆಬ್ರವರಿ 11ರಂದು ಗಿರಣಿಯವನ ಮಗಳು ಬರ್ನಡೆಟ್ ಸುಬಿರು, ಹದಿನಾಲ್ಕು ವರ್ಷದವಳು, ಉಬ್ಬಸದ ರೋಗಿ, ಸೌದೆ ಆರಿಸಲು ಹೋದಾಗ ಮಸಬಿಯೆಲ್ ಗುಹೆಯ ಬಳಿ ಮೊದಲ ದರ್ಶನವಾಯಿತು. ಫೆಬ್ರವರಿ 25ರಂದು ಅವಳು ಕೆಸರನ್ನು ಕೈಯಿಂದ ಕೆದಕಿ ಆ ನೀರು ಕುಡಿದಳು. ನೋಡಿದವರು ಹುಡುಗಿಗೆ ಹುಚ್ಚು ಹಿಡಿದಿದೆ ಎಂದರು. ಆ ಕೆಸರೇ ಇಂದಿನ ಬುಗ್ಗೆ. ಒಟ್ಟು ಹದಿನೆಂಟು ದರ್ಶನ. ಹದಿನೆಂಟನೆಯದು ಜುಲೈ 16ರ ಸಂಜೆ, ಗಾವ್ ನದಿಯ ಆಚೆ ದಡದ ಹುಲ್ಲುಗಾವಲಿನಿಂದ. ನಡುವೆ ಇದ್ದ ಹಲಗೆಯೂ ನದಿಯೂ ಕಾಣಲಿಲ್ಲ, ಹತ್ತಿರವೇ ನಿಂತಂತಿತ್ತು ಎಂದಳಂತೆ.

ಆದರೆ ಹುಡುಗಿ ಆಚೆ ದಡದಲ್ಲಿ ನಿಂತದ್ದು ಯಾಕೆ? ಜೂನ್ ತಿಂಗಳಲ್ಲಿ ಅಧಿಕಾರಿಗಳು ಗುಹೆಯ ಮುಂದೆ ಹಲಗೆಯ ಬೇಲಿ ಹಾಕಿಸಿ, ಒಳಗೆ ಯಾರೂ ಹೋಗಕೂಡದೆಂದು ಆಜ್ಞೆ ಹೊರಡಿಸಿದ್ದರು. ಊರವರು ಅದನ್ನು ರಾತ್ರಿ ಕಿತ್ತು ಹಾಕಿದರು, ಅಧಿಕಾರಿಗಳು ಮತ್ತೆ ಕಟ್ಟಿಸಿದರು, ಊರವರು ಮತ್ತೆ ಕಿತ್ತರು. ಕೊನೆಗೆ ಅಕ್ಟೋಬರಿನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಜ್ಞೆಯಿಂದ ಬೇಲಿ ಹೋಯಿತು. ಈ ಕತೆಯಲ್ಲಿ ನನ್ನ ಅಮ್ಮ ಬರ್ನಡೆಟ್‌ಳ ಜಾಗದಲ್ಲಿ ಇದ್ದಾಳೆ ಎಂದು ನೀವು ಹೇಳಿದ್ದೀರಿ, ಸಂತೋಷ. ಹಾಗಾದರೆ ಬೇಲಿ ಹಾಕಿದವರ ಜಾಗದಲ್ಲಿ ಯಾರು ನಿಂತಿದ್ದಾರೆ? ಆಚೆ ದಡದಲ್ಲಿ ದರ್ಶನ ಕೊಟ್ಟದ್ದು ಮಾತೆಯ ದೊಡ್ಡತನ. ಅದನ್ನು ಬೇಲಿಯವರ ಲೆಕ್ಕಕ್ಕೆ ಜಮಾ ಮಾಡಲು ಬರುವುದಿಲ್ಲ.

ಲೂರ್ದಿನಲ್ಲಿ ಈಗ ಹೇಗಿದೆ ಎಂದು ಬಾಯಮ್ಮನ ಮಗಳನ್ನು ಫೋನಿನಲ್ಲಿ ಕೇಳಿದೆ. ಅಲ್ಲಿ ನೀಲಿ ಹೊದಿಕೆಯ ಮೂರು ಗಾಲಿಯ ಕೈಗಾಡಿಗಳಿವೆ. ರೋಗಿಯನ್ನು ಕೂರಿಸಿ ಸ್ವಯಂಸೇವಕರು ಎಳೆಯುತ್ತಾರೆ. ಕೈಗಾಡಿ ಬಂದರೆ ನಡೆಯುವವರು ದಾರಿ ಬಿಡುತ್ತಾರೆ, ಮೆರವಣಿಗೆಯಲ್ಲಿ ರೋಗಿಗಳಿಗೇ ಮುಂದಿನ ಜಾಗ. ಈ ಸೇವೆಗೆಂದೇ 1885ರಲ್ಲಿ ಒಂದು ಸಂಘ ಹುಟ್ಟಿತು, ಇಂದಿಗೂ ನಡೆಯುತ್ತಿದೆ. ಗಟ್ಟಿ ಕಾಲಿನವರು ಸ್ವಂತ ಖರ್ಚಿನಲ್ಲಿ ಹೋಗಿ, ಒಂದು ವಾರ ಗಾಡಿ ಎಳೆದು ಬರುತ್ತಾರೆ. ಫೆಬ್ರವರಿ 11ನ್ನು ರೋಗಿಗಳ ದಿನವೆಂದು 1992ರಲ್ಲಿ ಸಾರಿದ ಪೋಪ್ ಎರಡನೆಯ ಜಾನ್ ಪಾಲರೂ 2004ರ ಆಗಸ್ಟಿನಲ್ಲಿ ತಾವೇ ರೋಗಿಯಾಗಿ, ಗಾಲಿಯ ಆಸನದಲ್ಲಿ ಕುಳಿತು ಆ ಗುಹೆಗೆ ಬಂದರು. ಅವರು ನಿಮ್ಮಲ್ಲಿಗೆ ಬಂದಿದ್ದರೆ ಆ ಹುಡುಗ ಯಾವ ಸಾಲು ತೋರಿಸುತ್ತಿದ್ದ ಎಂದು ಒಂದು ರಾತ್ರಿ ಯೋಚಿಸಿದೆ. ನಗು ಬಂತು, ಆಮೇಲೆ ಬರಲಿಲ್ಲ.

ಬಾಯಮ್ಮ ಬದುಕಿದ್ದಾಗ ಬೈಬಲಿನ ಒಂದು ಕತೆ ಹೇಳುತ್ತಿದ್ದರು. ಬೇತ್ಸಥಾ ಎಂಬ ಕೊಳ. ಅದರ ನೀರು ಕದಡಿದಾಗ ಮೊದಲು ಇಳಿದವರಿಗೆ ಗುಣವಾಗುತ್ತದೆಂಬ ನಂಬಿಕೆ. ಮೂವತ್ತೆಂಟು ವರ್ಷದಿಂದ ರೋಗಿಯಾದ ಒಬ್ಬ ದಡದಲ್ಲೇ ಬಿದ್ದಿದ್ದಾನೆ. ನನ್ನನ್ನು ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಬೇರೆಯವರು ಇಳಿದಿರುತ್ತಾರೆ ಎನ್ನುತ್ತಾನೆ. ನನಗೆ ಆಗ ಆ ಕತೆಯಲ್ಲಿ ಪವಾಡವಷ್ಟೇ ಕೇಳಿಸುತ್ತಿತ್ತು. ಈಗ ನೋಡಿದರೆ ಅದು ಸರತಿ ಸಾಲಿನ ಕತೆ.

ಒಂದು ಮಾತು ಸ್ಪಷ್ಟವಾಗಿರಲಿ. ನಾವು ಪವಾಡ ಕೇಳಲು ಬಂದವರಲ್ಲ. ಅಮ್ಮನ ರಕ್ತದೊತ್ತಡದ ಮಾತ್ರೆ ಒಂದು ದಿನವೂ ತಪ್ಪಿಲ್ಲ, ತಪ್ಪಲು ನಾನು ಬಿಡುವುದೂ ಇಲ್ಲ. ಲೂರ್ದಿನವರೇ ಈ ವಿಷಯದಲ್ಲಿ ನಮ್ಮ ಬ್ಯಾಂಕಿನ ತಪಾಸಕರಿಗಿಂತ ಕಟ್ಟುನಿಟ್ಟು. 1883ರಿಂದ ಅಲ್ಲಿ ವೈದ್ಯರ ಒಂದು ಕಚೇರಿ ಇದೆ. ಗುಣವಾಯಿತು ಎಂದು ಬಂದವರ ಕಾಗದಪತ್ರಗಳನ್ನು ಅಲ್ಲಿ ವರ್ಷಗಟ್ಟಲೆ ಜಾಲಾಡುತ್ತಾರೆ. ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದರೂ ಚರ್ಚ್ ಪವಾಡವೆಂದು ಒಪ್ಪಿದ್ದು, 2025ರ ಏಪ್ರಿಲ್‌ನಲ್ಲಿ ಸೇರಿದ ಒಂದನ್ನೂ ಹಿಡಿದು, 72 ಮಾತ್ರ. ಬರ್ನಡೆಟ್‌ಗೇ ಗುಣವಾಗಲಿಲ್ಲ, ಸನ್ಯಾಸಿನಿಯಾಗಿ, ಕ್ಷಯದಿಂದ ನರಳಿ, 1879ರಲ್ಲಿ ಮೂವತ್ತೈದನೆಯ ವಯಸ್ಸಿಗೆ ತೀರಿಕೊಂಡಳು. ಹಾಗಿದ್ದೂ ಲಕ್ಷಾಂತರ ರೋಗಿಗಳು ಅಲ್ಲಿಗೆ ಹೋಗುತ್ತಾರೆ. ಯಾಕೆ ಹೋಗುತ್ತಾರೆಂದು ಅಮ್ಮನ ಗೋಡೆಯ ಗೀಟುಗಳನ್ನು ನೋಡುವಾಗ ನನಗೆ ಸ್ವಲ್ಪ ತಿಳಿಯುತ್ತದೆ. ಗೋಡೆಗಾಗಿ ಯಾರೂ ಕೈ ಎತ್ತುವುದಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಬೀಗ ತೆಗೆಯುವುದು ಮೊದಲನೆಯದು, ಅದಕ್ಕೆ ಖರ್ಚಿಲ್ಲ. ಆದರೆ ಅಷ್ಟಕ್ಕೇ ಆಗುವುದಿಲ್ಲ. ಆ ದಾರಿ ಹೂಕುಂಡದ ಗಾಡಿಗೆ ಮಾಡಿದ್ದು, ಕಡಿದಾಗಿದೆ. ಮನುಷ್ಯರನ್ನು ಕೂರಿಸಿ ತಳ್ಳಿದರೆ ಕುರ್ಚಿ ಹಿಂದಕ್ಕೆ ವಾಲುತ್ತದೆ. ರ‍್ಯಾಂಪ್ ಎಂದರೆ ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಏಳು ಮೆಟ್ಟಿಲೆಂದರೆ ನಲವತ್ತೆರಡು ಇಂಚು, ಅಂದರೆ ಮೂರೂವರೆ ಅಡಿ. ಹನ್ನೆರಡರಿಂದ ಗುಣಿಸಿದರೆ ನಲವತ್ತೆರಡು ಅಡಿ ಉದ್ದ. ನೇರ ಹಾಕಲು ಜಾಗ ಸಾಲದು. ನಡುವೆ ಸಮತಟ್ಟಾದ ಒಂದು ತಿರುವು ಕೊಟ್ಟರೆ ಮೇಣದಬತ್ತಿ ಹಚ್ಚುವ ಕಬ್ಬಿಣದ ಸ್ಟ್ಯಾಂಡಿನ ಹಿಂಬದಿಯಲ್ಲಿ ಕುಳಿತುಕೊಳ್ಳುತ್ತದೆ. ಎರಡೂ ಕಡೆ ಹಿಡಿಕಂಬಿ ಇರಲಿ. ಕೆಳಗೆ ನುಣುಪು ಗ್ರಾನೈಟ್ ಹಾಕಬೇಡಿ, ಮುಂಬಯಿಯ ಮಳೆಗಾಲ ನಿಮಗೆ ಗೊತ್ತು. ಗ್ರೊಟ್ಟೊದ ನೀರಿನ ನಲ್ಲಿಗಳಲ್ಲಿ ಒಂದನ್ನಾದರೂ ಕುಳಿತವರ ಕೈಗೆ ಎಟುಕುವಂತೆ ಇಳಿಸಿ.

ಇದು ದಯೆಯ ವಿಷಯ ಎಂದು ಯಾರಾದರೂ ಅಂದುಕೊಂಡರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಒಮ್ಮೆ ತೆರೆದು ನೋಡಬೇಕು. ಸಾರ್ವಜನಿಕ ಕಟ್ಟಡ ಯಾವುದು ಎಂದು ಹೇಳುವಲ್ಲಿ ಧಾರ್ಮಿಕ ಚಟುವಟಿಕೆಗೆ ಬಳಸುವ ಖಾಸಗಿ ಕಟ್ಟಡವನ್ನೂ ಅದು ಸೇರಿಸಿದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. ನಾನು ಕೋರ್ಟಿಗೆ ಹೋಗುವವಳಲ್ಲ. ಅಮ್ಮನೂ ಒಪ್ಪುವುದಿಲ್ಲ, ಹರಕೆ ಹೇಳಿಕೊಂಡ ಜಾಗದ ಮೇಲೆ ದಾವೆ ಹೂಡುವುದುಂಟೇ ಎನ್ನುತ್ತಾಳೆ. ಕಾಯ್ದೆ ಇದೆ ಎಂಬುದು ನಿಮಗೆ ಗೊತ್ತಿರಲಿ ಎಂದು ಬರೆದೆ, ಅಷ್ಟೆ.

ನಮ್ಮ ದೇವಸ್ಥಾನಗಳು ಇದರಲ್ಲಿ ಮುಂದಿವೆ ಎಂದು ನಾನು ಹೇಳುತ್ತಿಲ್ಲ. ನಮ್ಮೂರಿನಲ್ಲಿ ಗರ್ಭಗುಡಿಯ ಎದುರಿಗೆ ಹೋಗಲು ಮೊಣಕಾಲೆತ್ತರದ ಹೊಸ್ತಿಲುಗಳನ್ನು ದಾಟಬೇಕು. ಅಲ್ಲಿನ ಮೊಕ್ತೇಸರರಿಗೂ ಒಂದು ಪತ್ರ ಬರೆದಿದ್ದೇನೆ. ಅವರೂ ಉತ್ತರ ಕೊಟ್ಟಿಲ್ಲ. ಈ ಒಂದು ವಿಷಯದಲ್ಲಿ ಸರ್ವಧರ್ಮ ಸಮನ್ವಯ ಚೆನ್ನಾಗಿ ನಡೆದಿದೆ.

ನೀಲಿ ಪಟ್ಟಿಯ ಆ ಹುಡುಗನನ್ನು ದಯವಿಟ್ಟು ಬೈಯಬೇಡಿ. ಹೊರಡುವಾಗ ಗೇಟಿನವರೆಗೆ ಕುರ್ಚಿ ತಳ್ಳಿಕೊಂಡು ಬಂದವನು ಅವನೇ. ರಿಕ್ಷಾಕ್ಕೆ ಅಮ್ಮನನ್ನು ಎತ್ತಿ ಕೂರಿಸುವಾಗ ಬಲಗೈ ಸಿಕ್ಕಿಕೊಳ್ಳದಂತೆ ಎಷ್ಟು ಜೋಪಾನವಾಗಿ ಹಿಡಿದನೆಂದರೆ, ಮನೆಯಲ್ಲಿ ಯಾರನ್ನೋ ನೋಡಿಕೊಂಡು ಅಭ್ಯಾಸವಿರಬೇಕು. ಮುಂದಿನ ಸಲ ಬೀಗದ ಕೈ ಅವನ ಹತ್ತಿರ ಕೊಟ್ಟಿಡಿ.

ರ‍್ಯಾಂಪ್ ಕಟ್ಟಲು ಸಮಯ ಹಿಡಿಯುತ್ತದೆಂದು ನನಗೆ ಗೊತ್ತು. ಅಲ್ಲಿಯವರೆಗೆ ಹಬ್ಬದ ದಿನ ಬೇಡ, ಯಾವುದಾದರೂ ಒಂದು ಸಾಮಾನ್ಯ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಆ ಗೇಟನ್ನು ಅರ್ಧ ಗಂಟೆ ತೆರೆದಿಡಲು ವಾಚ್‌ಮನ್‌ಗೆ ಹೇಳಿ. ಕುರ್ಚಿ ಹಿಂದಕ್ಕೆ ವಾಲದಂತೆ ಹಿಡಿಯಲು ಇಬ್ಬರು ಬೇಕು. ನಾನು ಒಬ್ಬಳು, ಇನ್ನೊಬ್ಬರಾಗಿ ನಮ್ಮ ಫಿಸಿಯೋಥೆರಪಿಸ್ಟ್ ಹುಡುಗಿ ಬರುತ್ತೇನೆ ಎಂದಿದ್ದಾಳೆ. ಬರುವಾಗ ಅಳತೆಯ ಟೇಪನ್ನೂ ತರುತ್ತೇನೆ, ನಿಮ್ಮ ಕಂಟ್ರಾಕ್ಟರಿಗೆ ಉಪಯೋಗವಾದೀತು. ನನ್ನ ಫೋನ್ ನಂಬರ್ ಮಾರ್ಚಿನ ಪತ್ರದಲ್ಲಿದೆ. ನಿನ್ನೆ ಹಾಕಿದ ಗೀಟು ಕ್ಯಾಲೆಂಡರಿನ ಕೆಳ ಅಂಚನ್ನು ಮುಟ್ಟಿದೆ.

ಇಂತು,
ಅಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದವರ ಮಗಳು